ನಾಳೆ ಹೇಳತೇನಿ

ಸಾಂಗ್ಲಿಯ ಅರಿಷಿಣ ವ್ಯಾಪಾರಿ ಗುರುಬಸಪ್ಪನವರ ಮಗ ಓಂಪ್ರಕಾಶ ಸಿವಿಲ್ ಇಂಜಿನಿಯರನಾದಾಗ, ಹಳದಿ ಧೂಳು ಬಿಟ್ಟು ಸಿಮೆಂಟಿನ ಧೂಳಿಗೆ ಬಿದ್ದ ಎಂದು ಪೇಟೆಯವರು ನಕ್ಕರು. ಮನುಷ್ಯ ಒಳ್ಳೆಯವನೇ. ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಮೆತ್ತಗೆ. ಆ ಮೆತ್ತಗಿನ ಗುಣವೇ ಅವನನ್ನು ಊರಿನ ಇಂಜಿನಿಯರುಗಳ ಸಂಘದ ಕಾರ್ಯದರ್ಶಿ ಮಾಡಿತು.

ಆಗೆಲ್ಲ ಒಬ್ಬರ ಕಟ್ಟಡದಲ್ಲಿ ಇನ್ನೊಬ್ಬರು ಕುಂದು ತೆಗೆದು ಗಿರಾಕಿ ಕಸಿಯುವ ಜಗಳ ಸಂಘದಲ್ಲಿ ಮುಗಿಯುತ್ತಲೇ ಇರಲಿಲ್ಲ. ಓಂಪ್ರಕಾಶನೇ ಒಂದು ರೂಢಿ ಹಾಕಿದ: ಇನ್ನೊಬ್ಬ ಸದಸ್ಯ ಕಟ್ಟಿಸಿದ್ದರಲ್ಲಿ ದೋಷ ಕಂಡರೆ ಮೊದಲು ಅವನಿಗೇ ತಿಳಿಸಬೇಕು, ಆಮೇಲೆ ಇಬ್ಬರೂ ಕೂಡಿ ಮನೆಯವರಿಗೆ ಹೇಳಬೇಕು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲರೂ ಹೊಗಳಿದರು, ಅವನೂ ಉಬ್ಬಿದ.

ಕೃಷ್ಣೆಯ ಮಹಾಪೂರ ಇಳಿದ ಮೇಲೆ ನೀರು ಹೊಕ್ಕ ಮನೆಗಳು ವಾಸಕ್ಕೆ ತಕ್ಕವೇ ಎಂದು ಸಂಘದವರು ಪುಕ್ಕಟೆ ನೋಡಿಕೊಡತೊಡಗಿದರು. ಒಂದೊಂದೇ ಕೋಣೆಯ ಬಾಡಿಗೆ ಮನೆಗಳ ಸಾಲು, ನದಿ ದಂಡೆಯ ಒಂದು ಚಾಳು, ಓಂಪ್ರಕಾಶನ ಪಾಲಿಗೆ ಬಂತು. ಅಲ್ಲಿ ಬಾಡಿಗೆಗಿದ್ದ ಶಿದ್ರಾಮ ಮತ್ತು ಅವನ ಹೆಂಡತಿ ಕಾಡವ್ವ ವಿಜಾಪುರದ ಕಡೆಯಿಂದ ಕೂಲಿಗೆ ಬಂದವರು. ಪೂರ ಬಂದಾಗಿನಿಂದ ಶಾಲೆಯ ವರಾಂಡದಲ್ಲಿ ಮಲಗುತ್ತಿದ್ದರು. ಅವರ ಖೋಲಿಯ ಮೂಲೆಯಲ್ಲಿ ಬುನಾದಿಯ ಮಣ್ಣು ಕೊಚ್ಚಿಹೋಗಿ ಗೋಡೆ ಬೆರಳು ತೂರುವಷ್ಟು ಸೀಳಿತ್ತು. ಚಾಳು ಕಟ್ಟಿಸಿದವರು ಸಂಘದವರೇ ಆದ ರಾವಸಾಬ, ಓಂಪ್ರಕಾಶನಿಗೆ ಕೆಲಸ ಕಲಿಸಿದ ಹಿರಿಯರು. ಫೋನ್ ಮಾಡಿದ. ಮಿರಜದಲ್ಲಿದ್ದೇನೆ, ನಾಳೆ ಮುಂಜಾನೆ ಬರುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು, ರೂಢಿ ನಿನ್ನದೇ ಅಲ್ಲವೇ ಎಂದರು ಅವರು.

ಕಾಡವ್ವ ಬಾಗಿಲಲ್ಲೇ ನಿಂತಿದ್ದಳು.

"ಒಳಗ ಇರಬೌದಲ್ರಿ, ಸಾಹೇಬ್ರ?"

"ನಾಳೆ ಹೇಳತೇನಿ, ಅವ್ವಾ."

ಇಷ್ಟಂದು ಬೈಕ್ ಹತ್ತಿದ. ಗೋಡೆ ಬಾಯಿ ಬಿಟ್ಟಾಗಲೂ ತಾವು ಬಾಯಿ ಬಿಡದ ಇಂಥ ಸಭ್ಯರಿಗೆ ಏನನ್ನಬೇಕೋ ನನಗಂತೂ ತಿಳಿಯದು.

ನಸುಕಿನಲ್ಲಿ ಗೋಡೆ ಕುಸಿಯಿತು. ಶಿದ್ರಾಮ ಟ್ಯಾಂಕರಿನ ನೀರಿಗೆ ಹೋಗಿದ್ದ. ಕಾಡವ್ವ ಖೋಲಿಯೊಳಗೆ ಒಲೆಯ ಮುಂದೆ ಕೂತಿದ್ದಳು.

ರಾವಸಾಬರನ್ನು ಕರೆದುಕೊಂಡು ಓಂಪ್ರಕಾಶ ಬರುವಷ್ಟರಲ್ಲಿ ಮಂದಿ ಇಟ್ಟಿಗೆ ಸರಿಸಿ ಅವಳನ್ನು ಹೊರಗೆ ಮಲಗಿಸಿ ಮುಖಕ್ಕೆ ಸೆರಗು ಮುಚ್ಚಿದ್ದರು. ಶಿದ್ರಾಮ ಬೈಯಲಿಲ್ಲ. ಬೈದಿದ್ದರೆ ಓಂಪ್ರಕಾಶನಿಗೆ ಅಷ್ಟಾದರೂ ಹಗುರಾಗುತ್ತಿತ್ತು. ಹೆಂಡತಿಯ ಪಕ್ಕದಿಂದ ಎದ್ದು ನಿಂತು, ಸಾಹೇಬರಿಗೆ ಯಾವಾಗಲೂ ಮುಗಿಯುವಂತೆಯೇ ಕೈ ಮುಗಿದ.

"ಸಾಲ್ಯಾಗ ಇರೂಣು ಅಂದೇರಿ ನಾ. ಇಕಿ ಕೇಳಲಿಲ್ಲ. ಮನಿ ಬೀಳೂ ಹಂಗಿದ್ರ ಸಾಹೇಬ್ರು ಇವತ್ತ ಹೇಳತಿದ್ರು, ನಾಳೆ ಯಾಕ ಅಂತಿದ್ರು ಅಂದ್ಲು."