ಏಳೂವರೆಯ ಊಟ

ಸವಣೂರಿನಿಂದ ಶಿಗ್ಗಾವಿಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಪಾಠ ಮಾಡಿ ಬರುವುದು, ಬಂದ ಕೂಡಲೇ ರೊಟ್ಟಿ ಬಡಿಯುವುದು, ಬಜಾರಿನ ಬಟ್ಟೆ ಅಂಗಡಿ ಮುಚ್ಚಿ ಗಂಡ ಹತ್ತಕ್ಕೆ ಬರುವ ತನಕ ಕಾಯುವುದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಅವರ ಊಟವಾದ ಮೇಲೆ ನಾನೂ ಅತ್ತೆಯೂ ಉಣ್ಣುತ್ತಿದ್ದೆವು. ಮಲಗಿದ ಮೇಲೆ ಎದೆ ಉರಿದು ಎದ್ದು ಕೂರುತ್ತಿದ್ದೆ. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಗುಳಿಗೆ ನುಂಗಿ ಬಸ್ಸು ಹತ್ತುತ್ತಿದ್ದೆ.

ಶಾಲೆಯ ಗೆಳತಿಯೊಬ್ಬಳು ಹಾನಗಲ್ಲಿನ ಆಯುರ್ವೇದ ಡಾಕ್ಟರಬಾಯಿಯ ವಿಷಯ ಹೇಳಿದಳು. ದಸರಾ ರಜೆಯಲ್ಲಿ ಹೋದೆ. ನಾಡಿ ಹಿಡಿದು ಕೂತ ಆಕೆ ಕೇಳಿದರು:

“ರಾತ್ರಿ ಎಷ್ಟಕ್ಕ ಉಣ್ತೀರಿ?”

“ಹತ್ತೂವರಿ, ಹನ್ನೊಂದು.”

“ಹಸಿವು ಯಾವಾಗ ಆಗ್ತದ?”

ಹಸಿವನ್ನು ಲಕ್ಷ್ಯಕ್ಕೆ ತಗೊಂಡೇ ಎಷ್ಟೋ ಕಾಲವಾಗಿತ್ತು.

“ಮಳಿ ಹೋಗಿ ಬಿಸಲು ಬಂದಾಗ ಪಿತ್ತ ಕೆರಳ್ತದರಿ. ಈಗ ಹೊರಗ ಹಾಕಿದ್ರ ಹಗುರಾಗ್ತೀರಿ” ಎಂದು ಅಲ್ಲಿಯೇ ಒಂದು ಕೋಣೆ ಕೊಟ್ಟರು.

ಬೆಳಗಾಗುತ್ತಲೂ ಕಹಿ ಔಷಧಿ ಹಾಕಿ ಕಾಯಿಸಿದ ತುಪ್ಪ ಕುಡಿಯಬೇಕು. ಮೂಗು ಹಿಡಿದು ನುಂಗಿ, ಬಿಸಿನೀರು ಗುಟುಕರಿಸುತ್ತ ಕೂರಬೇಕು. ತುಪ್ಪ ಕರಗಿ ನಿಜವಾದ ಹಸಿವಾದಾಗಷ್ಟೇ ಗಂಜಿ. ಮೊದಲ ದಿನ ಸಂಜೆಯ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಎಳೆದಂತಾಯಿತು. ಹೊಟ್ಟೆಬ್ಯಾನಿಯೇನೋ ಎಂದು ಗಾಬರಿಯಾದೆ. ಅದು ಹಸಿವು.

ಆಮೇಲೆ ಮೈಗೆ ಎಣ್ಣೆ ತಿಕ್ಕಿ, ಹಬೆಯಲ್ಲಿ ಬೆವರಿಳಿಸಿ, ಕೊನೆಗೊಂದು ಮುಂಜಾನೆ ಭೇದಿಯ ಲೇಹ ಕೊಟ್ಟರು. ಹೋಗಿ ಬಂದು ಹೋಗಿ ಬಂದು ಕಾಲಲ್ಲಿ ತ್ರಾಣವೇ ಉಳಿಯಲಿಲ್ಲ. ಮಧ್ಯಾಹ್ನ ಮಲಗಿದೆ. ಯಾರೂ ಕರೆಯಲಿಲ್ಲ. ಎದ್ದಾಗ ಗೋಡೆಯ ಮೇಲೆ ಸಂಜೆಯ ಬಿಸಿಲಿತ್ತು. ಯಾಕೋ ಅಳು ಬಂತು.

ಮನೆಗೆ ಕಳಿಸುವಾಗ ಡಾಕ್ಟರಬಾಯಿ ಅಂದರು: “ಹೊಟ್ಟಿ ತೊಳದು ಕೊಟ್ಟೇನಿ. ಮತ್ತ ಹನ್ನೊಂದಕ್ಕ ಉಂಡ್ರ ಇದೆಲ್ಲಾ ನೀರಾಗ ಹೋದಂಗ ನೋಡ್ರಿ.”

ಬಸ್ಸಿನಲ್ಲಿ ಏನೇನೋ ನಿಶ್ಚಯ ಮಾಡಿಕೊಂಡೆ. ಚಹಾ ಬಿಡಬೇಕು, ಬೆಳಿಗ್ಗೆ ನಡೆಯಬೇಕು, ಖಾರಾ ಮುಟ್ಟಬಾರದು. ಶಾಲೆ ಸುರುವಾಗುತ್ತಲೂ ಚಹಾ ತಿರುಗಿ ಬಂತು. ನಡೆಯುವುದು ವಾರದೊಳಗೆ ನಿಂತಿತು. ಉಳಿದದ್ದು ಒಂದೇ.

ಹಾನಗಲ್ಲಿನಿಂದ ಬಂದ ದಿನವೇ ಏಳೂವರೆಗೆ ತಾಟು ಹಾಕಿಕೊಂಡೆ. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

“ಅಂವ ಬರೂದರಾಗ ಉಣ್ತಿಯೇನ?”

“ಹೂನ್ರಿ ಅತ್ತಿ. ಹಸಿವ್ಯಾಗೇತಿ.”

ಮೆತ್ತಗಿನ ಅನ್ನವನ್ನು ಕಳ್ಳತನ ಮಾಡಿದವಳ ಹಾಗೆ ಬೇಗ ಬೇಗ ಉಂಡೆದ್ದೆ.

ಗಂಡ ಬಂದು ಕೈಕಾಲು ತೊಳೆದು ಕೂತರು. “ನಾ ಉಂಡೇನಿ. ನಿಮ್ದು ಮುಚ್ಚಿಟ್ಟೇನಿ, ಹಾಕ್ಕೊಂಡು ಉಣ್ರಿ” ಅಂದೆ. ಅವರು ನನ್ನ ಮುಖ ನೋಡಿದರು. ಎದ್ದು ಒಳಗೆ ಹೋಗಿ ಒಂದೊಂದೇ ಡಬ್ಬಿ ತೆಗೆದು, “ಶೇಂಗಾ ಹಿಂಡಿ ಎಲ್ಲೇತಿ?” ಎಂದು ಕೂಗಿದರು. ಇಪ್ಪತ್ತು ವರ್ಷ ಗೋಡೆಯ ಅದೇ ಮಾಡದಲ್ಲಿದ್ದ ಚಟ್ನಿಪುಡಿಯ ಡಬ್ಬಿ ಅದು.

ಮುಂದೆ ಸರಳವಾಗೇನೂ ನಡೆಯಲಿಲ್ಲ. ಪಲ್ಯ ಆರಿದೆ ಎಂದು ಅವರು ತಾಟು ಸರಿಸಿದ ದಿನ ಎದ್ದು ಬಿಸಿ ಮಾಡಿಕೊಟ್ಟಿದ್ದೇನೆ. ಬೀಗರು ಬಂದಾಗ ಮೊದಲಿನಂತೆ ಎಲ್ಲರ ಹಿಂದೆ ಉಂಡು, ಎದೆ ಉರಿಸಿಕೊಂಡಿದ್ದೇನೆ. ಮರುದಿನ ಮತ್ತೆ ಏಳೂವರೆಗೆ ತಾಟು ಹಾಕಿಕೊಳ್ಳುತ್ತಿದ್ದೆ. ಜಗಳ ಮಾಡುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಸುಮ್ಮನೆ ಉಣ್ಣುವಷ್ಟಿತ್ತು.

ಒಂದು ಚಳಿಗಾಲ ಅತ್ತೆ, “ನಂಗೂ ಒಂದ್ ರೊಟ್ಟಿ ಹಾಕು” ಎಂದು ಪಕ್ಕದಲ್ಲಿ ಕೂತರು. ಹೋಳಿಹುಣ್ಣಿಮೆಯ ತನಕ ಜೊತೆಗೇ ಉಂಡರು. ಆಮೇಲೆ, “ಮಗನ ಮಾರಿ ನೋಡದ ಉಂಡ್ರ ಉಂಡಂಗ ಆಗೂದಿಲ್ಲವ್ವಾ” ಎಂದು ಜೊತೆಗೆ ಉಣ್ಣುವುದನ್ನು ಬಿಟ್ಟರು. ನಾನು ಒತ್ತಾಯ ಮಾಡಲಿಲ್ಲ.

ಈಗ ಎದೆ ಉರಿ ಅಷ್ಟಾಗಿ ಇಲ್ಲ. ದಣಿವು ಇದೆ, ಅದಕ್ಕೆ ಡಾಕ್ಟರಬಾಯಿಯ ಹತ್ತಿರವೂ ತುಪ್ಪವಿಲ್ಲ. ನಾನು ಉಣ್ಣುವಾಗ ಅತ್ತೆ ಎದುರಿಗೆ ಕೂತು ಓಣಿಯ ಸುದ್ದಿ ಹೇಳುತ್ತಾರೆ. ಕೇಳುತ್ತ ಉಂಡು, ತಾಟು ತೊಳೆದಿಟ್ಟು ಹೋಗಿ ಮಲಗುತ್ತೇನೆ.