ಬ್ಯಾಟರಿ ಚಾರ್ಜ್ ಆಗಿದೆಯಂತೆ

ಮೊನ್ನೆ ಶುಕ್ರವಾರ ಬೆಳಿಗ್ಗೆ ಕ್ಯಾರವಾನಿನ ಸೀಟಿನಡಿಗೆ ಕೈ ಹಾಕಿ ಧೂಳು ಒರೆಸುತ್ತಿದ್ದಾಗ ಒಂದು ಬ್ಯಾಟರಿ ಸಿಕ್ಕಿತು. ಯಾವ ಬ್ಯಾಟರಿ ಎಂದು ನೀವು ಕೇಳಬೇಕು. ನಾನು ಆ ಪ್ರಶ್ನೆಯನ್ನು ಕೇಳಬೇಕಾದ ಹೊತ್ತಿಗೆ ಕೇಳದೆ ಏನೇನಾಯಿತು ಎನ್ನುವುದನ್ನೇ ಹೇಳಲು ಹೊರಟಿದ್ದೇನೆ. ಸಿಕ್ಕಿದ್ದು ಟಾರ್ಚು. ನಮ್ಮ ಬಂಟ್ವಾಳದ ಕಡೆ ಅದನ್ನು ಟಾರ್ಚು ಎನ್ನುವವರು ಕಡಿಮೆ. ಸಂಜೆ ಅಂಗಳಕ್ಕಿಳಿಯುವವರಿಗೆ ಒಳಗಿನಿಂದ ಯಾರಾದರೂ "ಬ್ಯಾಟರಿ ತಕೊಂಡು ಹೋಗಿ, ಹಾವು ಗೀವು ಇದ್ದೀತು" ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಹಾಕುವುದಕ್ಕೆ ಶೆಲ್ಲು ಎಂಬ ಬೇರೆ ಹೆಸರೇ ಇರುವುದರಿಂದ ಊರಿನಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲವೆಲ್ಲ ಒಮಾನಿಗೆ ಬಂದು ಕ್ಯಾರವಾನು ಕೊಂಡವರಿಗೆ ಮಾತ್ರ.

ಕ್ಯಾರವಾನು ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ. ದುಕ್ಮ್‌ನ ಬಂದರಿನಲ್ಲಿ ಕೆಲಸ ಮುಗಿಸಿ ಊರಿಗೆ ಹೊರಟಿದ್ದ ಒಬ್ಬ ವಿದೇಶಿ ಎಂಜಿನಿಯರ್ ಮಾರಾಟಕ್ಕಿಟ್ಟದ್ದನ್ನು ನಾನು ಯಾರನ್ನೂ ಕೇಳದೆ ಕೊಂಡೆ. ನನ್ನ ಹೆಂಡತಿ ಶೋಭಾ ಅದು ಸೀಬ್ ಎಂಬ ಊರಿನ ನಮ್ಮ ಬಾಡಿಗೆ ಮನೆಯ ಕಾಂಪೌಂಡಿಗೆ ಬಂದು ನಿಂತ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದ್ದ ಮನೆ ಗುಡಿಸ್ಲಿಕ್ಕೇ ನನಗೆ ಪುರುಸೊತ್ತಿಲ್ಲ" ಎಂದಳು. ಅದರ ಬಗ್ಗೆ ಅವಳು ಆಡಿದ ಮಾತುಗಳಲ್ಲಿ ಅದೇ ಅತ್ಯಂತ ಸೌಮ್ಯವಾದದ್ದು.

ಅದರಲ್ಲಿ ನನಗೆ ಅತಿ ಹೆಮ್ಮೆ ಹೀಟರಿನದು. ಒಮಾನಿನಲ್ಲಿ ಹೀಟರು ಎಂದರೆ ನೀವು ನಗುತ್ತೀರಿ, ನಗಿ. ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ಊರು ಇದು. ಆದರೆ ಗಾಡಿ ಅಮೆರಿಕದಲ್ಲಿ ಹುಟ್ಟಿದ್ದು, ಅಲ್ಲಿಯ ಹಿಮಕ್ಕೆಂದೇ ಅದರ ಹೊಟ್ಟೆಯೊಳಗೆ ಗ್ಯಾಸಿನ ಕುಲುಮೆಯೊಂದನ್ನು ಕೂರಿಸಿದ್ದರು. ಸಿಲಿಂಡರಿನ ಗ್ಯಾಸು ಉರಿಯುತ್ತದೆ, ಫ್ಯಾನು ಆ ಬಿಸಿಯನ್ನು ಒಳಗೆಲ್ಲ ಊದುತ್ತದೆ. ವಾದಿ ಅದಾಯ್‌ನಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ನಮ್ಮೂರಿನ ಹಮೀದ್ ಭಾಯಿ ಅದನ್ನು ಬಗ್ಗಿ ನೋಡಿ, "ಇದು ಉರಿಯುದು ಗ್ಯಾಸಲ್ಲಿ, ಆದ್ರೆ ಊದುದು ಬ್ಯಾಟರಿಯಲ್ಲಿ. ಫ್ಯಾನಿನ ಗಾಳಿ ಸಾಕಾಗದಿದ್ರೆ ಬೆಂಕಿಯೇ ಹತ್ತುದಿಲ್ಲ. ಬ್ಯಾಟರಿ ಖಲಾಸಾದ್ರೆ ಎಲ್ಲ ಖಲಾಸ್ ಮಾರಾಯ್ರೆ. ಕಾರಿಂದ ಚಾರ್ಜ್ ಆಗುವ ಹಾಗೆ ಒಂದು ವಯರು ಎಳೆಸಿ" ಎಂದರು. ನಾನು ತಲೆಯಾಡಿಸಿದೆ. ಗ್ಯಾಸಿನ ಒಲೆಗೆ ಕರೆಂಟು ಯಾತಕ್ಕೆ ಎಂದು ಮನಸ್ಸಿನಲ್ಲೇ ನಕ್ಕೂ ಬಿಟ್ಟೆ. ಆ ವಯರು ಇವತ್ತು ಎಳೆಸುತ್ತೇನೆ, ನಾಳೆ ಎಳೆಸುತ್ತೇನೆ ಎನ್ನುತ್ತಲೇ ಚಳಿಗಾಲ ಬಂತು. ಚಳಿಗಾಲದ ಜೊತೆ ನನ್ನ ಅತ್ತೆಯೂ ಬಂದರು.

ಅತ್ತೆಯ ವಿಷಯಕ್ಕೆ ಬರುವ ಮೊದಲು ಒಂದು ಮಾತು. ಮನೆಯಲ್ಲಿ ನಮ್ಮದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನಾದರೂ ಏಕವಚನ ಬಹುವಚನಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಈ ಕಥೆಯಲ್ಲಿ ಅವು ಮುಖ್ಯ.

ನಮ್ಮಲ್ಲಿ ಹಳೆಯ ತಲೆಯವರ ರಿವಾಜು ಹೀಗೆ: ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಅವನೊಡನೆ ನೇರವಾಗಿ ಮಾತಾಡುವುದೂ ಇಲ್ಲ. ಸಿಟ್ಟಿನಿಂದ ಅಲ್ಲ, ಮರ್ಯಾದೆಯಿಂದ. ಮದುವೆಯಾಗಿ ಹತ್ತು ಹನ್ನೆರಡು ವರ್ಷ ನನ್ನ ಅತ್ತೆ ಈ ಮರ್ಯಾದೆಯನ್ನು ಚೂರೂ ಕಡಿಮೆ ಮಾಡದೆ ಕೊಟ್ಟರು. ನಾನು ಎದುರಿಗೇ ಊಟಕ್ಕೆ ಕೂತಿರುತ್ತೇನೆ. ಅವರು ಬಾಗಿಲ ಮರೆಯಿಂದ ಮಗಳಿಗೆ, "ಅವರಿಗೆ ಇನ್ನೊಂದು ನೀರುದೋಸೆ ಬೇಕಾ ಕೇಳು" ಎನ್ನುತ್ತಾರೆ. ಶೋಭಾ ನನ್ನ ಕಡೆ ತಿರುಗಿ, "ಇನ್ನೊಂದು ದೋಸೆ ಬೇಕಾ ಅಂತೆ" ಎನ್ನುತ್ತಾಳೆ. ನಾನು ಶೋಭಾಗೆ, "ಸಾಕಂತೆ ಹೇಳು" ಎನ್ನುತ್ತೇನೆ. ನನ್ನ ವಿಷಯವನ್ನೇ ನಾನು ಅಂತೆ ಎನ್ನುವ ಮಟ್ಟಿಗೆ ಅದು ರೂಢಿಯಾಗಿ ಹೋಗಿತ್ತು. ಶೋಭಾ ಇಲ್ಲದಿದ್ದರೆ ಮಗಳು ಸಾನ್ವಿ. ಅವಳು ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಕಲಿಯುವವಳಾದ್ದರಿಂದ ಅಜ್ಜಿಯ ತುಳು ನನ್ನ ತನಕ ಬರುವಾಗ "ಪಪ್ಪಾ, ಅಜ್ಜಿ ಈಸ್ ಆಸ್ಕಿಂಗ್" ಎಂದು ಇಂಗ್ಲಿಷಾಗಿರುತ್ತಿತ್ತು.

ಇದನ್ನೆಲ್ಲ ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ನನಗೆ ಅದು ಒಳಗೊಳಗೇ ಚುಚ್ಚುತ್ತಿತ್ತು. ನನ್ನ ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದರು. ಒಮಾನಿನಲ್ಲಿ ನನ್ನನ್ನು ಸಾರ್ ಎನ್ನುವವರಿದ್ದಾರೆ, ಭಾಯಿ ಎನ್ನುವವರಿದ್ದಾರೆ. ಅಮ್ಮ ಎನ್ನಬಹುದಾದವರೊಬ್ಬರು ನಮ್ಮ ಮನೆಯಲ್ಲೇ ಇದ್ದು, ನನ್ನ ಅಂಗಿಯ ಗುಂಡಿ ಹೊಲಿದು, ನನಗೆ ಇಷ್ಟವೆಂದು ಬಸಳೆ ಹುಡುಕಿಸಿ ತರಿಸಿ, ಒಂದು ಮಾತು ಮಾತ್ರ ಆಡದೆ ಇರುವುದು ನನಗೆ ಬಹಳ ಬೇಸರ ತರುತ್ತಿತ್ತು. ಒಂದೇ ಒಂದು ಸಲ ನೇರವಾಗಿ ಮಾತಾಡಿಸಿದರೆ ಸಾಕು ಎಂದಿತ್ತು. ಅದಕ್ಕೆ ನಾನು ಹುಡುಕಿದ ಉಪಾಯವೇ ಜಬಲ್ ಶಮ್ಸ್ ಪ್ರವಾಸ. ಚಳಿಯಲ್ಲಿ ಮಲೆಯ ತುದಿಗೆ ಕರೆದುಕೊಂಡು ಹೋಗಿ ಬೆಚ್ಚಗಿನ ಚಕ್ರದ ಮನೆಯಲ್ಲಿ ಕೂರಿಸಿದರೆ, "ಅಳಿಯಂದಿರೇ, ಎಷ್ಟು ಚೆಂದ" ಎಂದು ಅವರಾಗಿ ಬಾಯಿ ಬಿಟ್ಟಾರು ಎಂಬುದು ನನ್ನ ಲೆಕ್ಕ.

"ಅಮ್ಮನಿಗೆ ಚಳಿ ತಡೀಲಿಕ್ಕಾಗುದಿಲ್ಲ" ಎಂದಳು ಶೋಭಾ.

"ಹೀಟರ್ ಉಂಟಲ್ಲ, ಬೆವರಿಸ್ತೇನೆ ಬೇಕಾದರೆ" ಎಂದೆ ನಾನು.

ಹೊರಡುವ ಹಿಂದಿನ ದಿನ ಆಫೀಸಿನಲ್ಲಿದ್ದಾಗ ನೆನಪಾಯಿತು: ಕ್ಯಾರವಾನಿನ ಬ್ಯಾಟರಿಗೆ ಚಾರ್ಜರನ್ನು ಸಿಕ್ಕಿಸಿಟ್ಟು ಬಂದಿದ್ದೇನೆ, ವರಾಂಡದ ಸ್ವಿಚ್ಚು ಹಾಕಿಲ್ಲ. ಶೋಭಾಗೆ ಫೋನು ಮಾಡಿ ಬ್ಯಾಟರಿ ಚಾರ್ಜಿಗೆ ಹಾಕು ಎಂದೆ. ಅವಳು ಸಾನ್ವಿಯನ್ನು ಕರೆತರಲು ಸ್ಕೂಲಿನ ಗೇಟಿನಲ್ಲಿ ನಿಂತಿದ್ದಳು. ಅಲ್ಲಿಂದಲೇ ಮನೆಗೆ ಫೋನು ಮಾಡಿ ತನ್ನ ಅಮ್ಮನಿಗೆ, "ಬ್ಯಾಟರಿ ಚಾರ್ಜಿಗೆ ಹಾಕ್ಬೇಕಂತೆ" ಎಂದಳು. ಸಂಜೆ ಮನೆಗೆ ಬಂದ ನಾನು ಶೋಭಾಗೆ, "ಬ್ಯಾಟರಿ ಆಯ್ತಂತಾ?" ಎಂದೆ. ಅವಳು ಒಳಗೆ ಕೇಳಿ ಬಂದು, "ಫುಲ್ ಆಗಿದೆಯಂತೆ, ಹಸಿರು ಲೈಟು ಬಂತಂತೆ" ಎಂದಳು. ಚಾರ್ಜರಿನಲ್ಲೂ ತುಂಬಿದರೆ ಹಸಿರು ದೀಪವೇ ಬರುವುದು. ಇನ್ನು ನೋಡುವುದೇನಿದೆ? ಬಾಗಿಲು ತೆರೆದು ವರಾಂಡಕ್ಕೆ ಇಣುಕಿದ್ದರೂ ಸಾಕಿತ್ತು. ಆದರೆ ಇಡೀ ಮನೆ ಅಂತೆಯ ಮೇಲೆ ನಡೆಯುತ್ತಿದ್ದಾಗ ನಾನೊಬ್ಬ ಕಣ್ಣಿನಿಂದ ನೋಡುವುದು ಹೇಗೆ?

ಜಬಲ್ ಶಮ್ಸ್ ಎಂದರೆ ಸೂರ್ಯನ ಬೆಟ್ಟ. ಹೆಸರಿಟ್ಟವರು ಹಗಲು ಹೋಗಿದ್ದಿರಬೇಕು. ನಾವು ತಲಪಿದಾಗ ಬಿಸಿಲು ಇನ್ನೂ ಇತ್ತು. ಕೆಳಗೆ ಬಾಯಿ ತೆರೆದ ಕಂದರವನ್ನು ನೋಡಿ ಅತ್ತೆ ಮಗಳ ಕೈ ಹಿಡಿದುಕೊಂಡು, "ಅವರಿಗೆ ಗಾಡಿ ಹಿಂದೆ ನಿಲ್ಲಿಸ್ಲಿಕ್ಕೆ ಹೇಳು" ಎಂದರು. ನಾನು ಕ್ಯಾರವಾನನ್ನು ಕಾರಿನಿಂದ ಬಿಡಿಸಿ, ಸಮ ಮಾಡಿ, ಒಳಗಿನ ಎಲ್ಲ ದೀಪಗಳನ್ನೂ ಉರಿಸಿ, ನಲ್ಲಿಯಲ್ಲಿ ನೀರು ಬರುವುದನ್ನು ಪದೇ ಪದೇ ತೋರಿಸಿ, ಹಾಡು ಹಾಕಿ, ಬ್ಯಾಟರಿಯಲ್ಲಿ ಉಳಿದಿದ್ದ ಜೀವವನ್ನು ನನ್ನ ಕೈಯಾರೆ ಹಿಂಡಿದೆ. ಸೂರ್ಯ ಮುಳುಗಿದ್ದೇ ತಡ, ಗಾಳಿಗೆ ಹಲ್ಲು ಬಂತು. ಅತ್ತೆ ಎರಡು ಶಾಲು ಸುತ್ತಿಕೊಂಡು ಮೂಲೆಯಲ್ಲಿ ಮುದುಡಿ ಕೂತರು. ನನ್ನ ಗಳಿಗೆ ಬಂತೆಂದು ನಾನು ಗೋಡೆಯ ಗುಂಡಿಯನ್ನು ತಿರುಗಿಸಿದೆ.

ಒಳಗೆಲ್ಲೋ ಫ್ಯಾನು ನರಳಿತು. ಬೆಂಕಿ ಹತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದೆ, ನರಳಾಟವೂ ಸಣ್ಣದಾಗಿ, ದೀಪಗಳು ಮಂಕಾಗಿ ಆರಿಹೋದವು. ಕತ್ತಲಲ್ಲಿ ಹಮೀದ್ ಭಾಯಿಯ ಮುಖ ಒಮ್ಮೆ ಸ್ಪಷ್ಟವಾಗಿ ಕಾಣಿಸಿತು.

"ಬ್ಯಾಟರಿ ಫುಲ್ ಅಂದಿದ್ದಿಯಲ್ಲ?" ಎಂದು ಶೋಭಾಳನ್ನು ಕೇಳಿದೆ.

"ಅಮ್ಮ, ನೀನು ಬ್ಯಾಟರಿ ಚಾರ್ಜಿಗೆ ಹಾಕಿದ್ದಿಯಲ್ಲ?" ಎಂದು ಅವಳು ಅತ್ತೆಯನ್ನು ಕೇಳಿದಳು.

"ಹಾಕದೆ ಏನು? ಫುಲ್ ಉಂಟು, ನೋಡು" ಎಂದು ಅತ್ತೆ ಚೀಲದಿಂದ ಊರಿನಿಂದ ತಂದ, ಶೆಲ್ಲಿಲ್ಲದ ಚಾರ್ಜಿನ ಟಾರ್ಚನ್ನು ತೆಗೆದು ಒತ್ತಿದರು. ಬೆಳಕು ನೇರವಾಗಿ ನನ್ನ ಮುಖಕ್ಕೇ ಬಿತ್ತು. ಆ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತು ಎನ್ನುವುದನ್ನು ಶೋಭಾ ಈಗಲೂ ನೆಂಟರ ಎದುರು ಮಾಡಿ ತೋರಿಸುತ್ತಾಳೆ.

ಉಳಿದ ದಾರಿ ಒಂದೇ: ಕಾರನ್ನು ತಿರುಗಿಸಿ ಮೂತಿಗೆ ಮೂತಿ ತಂದು, ಅದರ ಬ್ಯಾಟರಿಯಿಂದ ಕ್ಯಾರವಾನಿನದಕ್ಕೆ ಕೇಬಲು ಕೊಡುವುದು. ನಾನು ಹೊರಗಿಳಿದೆ. ಮೊಬೈಲಿನ ಲೈಟು ಇತ್ತು, ಆದರೆ ಎರಡು ಕೈಯಲ್ಲೂ ಕೇಬಲು ಹಿಡಿದವನಿಗೆ ಮೊಬೈಲು ಹಿಡಿಯಲು ಬಾಯಿ ಮಾತ್ರ ಉಳಿಯುತ್ತದೆ. ಹಾಗೆ ಹಲ್ಲಲ್ಲಿ ಕಚ್ಚಿಕೊಂಡು ಕಲ್ಲಿನ ಮೇಲೆ ಮೊಣಕಾಲೂರಿ ನಡುಗುತ್ತಿರುವಾಗ ಹಿಂದಿನಿಂದ ದೊಡ್ಡ ಬೆಳಕೊಂದು ಬಂತು. ತಿರುಗಿ ನೋಡಿದರೆ ಅತ್ತೆ. ಶೋಭಾ ಒಳಗೆ ಸಾನ್ವಿಗೆ ಕಂಬಳಿ ಹೊದೆಸುತ್ತಿದ್ದಳು. ನಮ್ಮಿಬ್ಬರ ನಡುವೆ ಮಾತು ಸಾಗಿಸಲು ಯಾರೂ ಇರಲಿಲ್ಲ.

ನಾನು ಮತ್ತೆ ಕೇಬಲಿನ ಕಡೆ ತಿರುಗಿದೆ. ಆಮೇಲೆ ಅತ್ತೆ ಎದುರಿನ ಬೆಟ್ಟವನ್ನು ನೋಡುತ್ತ, "ಬ್ಯಾಟರಿ ಎಲ್ಲಿಗೆ ಹಿಡಿದ್ರೆ ಒಳ್ಳೇದೋ ಏನೋ" ಎಂದರು.

ನಾನು ಮೊಬೈಲನ್ನು ಬಾಯಿಂದ ತೆಗೆದು, "ಸ್ವಲ್ಪ ಎಡಕ್ಕೆ ಹಿಡಿದ್ರೆ ಕಾಣ್ತದೋ ಏನೋ" ಎಂದು ಕಾರಿಗೆ ಹೇಳಿದೆ. ಬೆಳಕು ಎಡಕ್ಕೆ ಬಂತು.

"ಕೆಲವರು ಸ್ವೆಟರ್ ಕೂಡ ಹಾಕದೆ ಹೊರಗೆ ಬರ್ತಾರೆ" ಎಂದರು ಅತ್ತೆ ಬೆಟ್ಟಕ್ಕೆ.

"ಕೆಲವರಿಗೆ ಬುದ್ಧಿ ಕಡಿಮೆ" ಎಂದೆ ನಾನು ಕಾರಿಗೆ.

ಅವರು ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ಅಂತೂ ಕೇಬಲು ಕೂತಿತು. ಕಾರಿನ ಎಂಜಿನ್ನಿಗೆ ಜೋರು ಕೊಟ್ಟು ಕಾದೆವು. ನಾನು ಕಾರಿನ ಬಳಿಯೇ ನಿಂತು ನಡುಗುತ್ತಿದ್ದೆ. ಅತ್ತೆ ನನ್ನ ಕಾಲಬುಡಕ್ಕೆ ಟಾರ್ಚು ಹಿಡಿದು ಒಳಗೂ ಹೋಗದೆ ನಿಂತೇ ಇದ್ದರು. ಕೊನೆಗೆ ಕ್ಯಾರವಾನಿನ ಹೊಟ್ಟೆಯಲ್ಲಿ ಫ್ಯಾನು ಗಟ್ಟಿಯಾಗಿ ಎದ್ದಿತು, ಟಿಕ್ ಟಿಕ್ ಎಂದಿತು, ಬೆಂಕಿ ಹತ್ತಿದ ಸದ್ದು ಕೇಳಿತು. ಒಳಗಿನಿಂದ ಸಾನ್ವಿ ಚಪ್ಪಾಳೆ ಹೊಡೆದಳು. ಆಗ ಅತ್ತೆ ನನ್ನ ಕಡೆ ತಿರುಗಿ, "ಸಾಕು, ಒಳಗೆ ಬಾ" ಎಂದರು.

ಅವರು ಅಂದದ್ದು ತುಳುವಿನಲ್ಲಿ, "ಬಲ" ಎಂದು. ಅಳಿಯನಿಗೆ ಹೇಳುವುದಾದರೆ "ಬಲೆ" ಎನ್ನಬೇಕು, ಬನ್ನಿ ಎಂದ ಹಾಗೆ. ಬಲ ಎಂದರೆ ಬಾ. ಅದನ್ನು ಮಕ್ಕಳಿಗೆ ಮಾತ್ರ ಹೇಳುವುದು. ನನಗೆ ಹಾಗೆ ಹೇಳುತ್ತಿದ್ದದ್ದು ನನ್ನ ಅಮ್ಮ, ಅವರ ನಂತರ ಯಾರೂ ಹೇಳಿರಲಿಲ್ಲ. ನನಗೆ ಕಣ್ಣು ತುಂಬಿತು. ಚಳಿಗಾಳಿಗೆ ಹಾಗಾಗುತ್ತದೆ ಎಂದು ಶೋಭಾಗೆ ಹೇಳಿದೆ. ಅವಳು ನಂಬಿದಂತೆ ಮಾಡಿದಳು.

ಹೀಟರು ನಡೆದದ್ದು ಎಷ್ಟು ಹೊತ್ತು ಎಂದು ಕೇಳಬೇಡಿ. ಕಾರು ಗುರುಗುಟ್ಟುತ್ತಿದ್ದಷ್ಟು ಹೊತ್ತು. ಹೀಟರಿನ ಗ್ಯಾಸಿಗಿಂತ ಕಾರಿನ ಪೆಟ್ರೋಲೇ ಹೆಚ್ಚು ಉರಿಯಿತು. ಬೆಳಿಗ್ಗೆ ಅತ್ತೆ ಬೇಗ ಎದ್ದು ಚಹಾ ಮಾಡಿದರು. ನಾನು ಕಿವಿ ನಿಮಿರಿಸಿ ಕೂತೆ. ಅವರು ಶೋಭಾಗೆ ಲೋಟ ಕೊಟ್ಟು, "ಅವರಿಗೆ ಚಾ ಕೊಡು" ಎಂದರು. ಮತ್ತೆ ಎಲ್ಲ ಮೊದಲಿನ ಹಾಗೆ. ಊರಿಗೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಟಾರ್ಚನ್ನು ಸಾನ್ವಿಯ ಕೈಗಿಟ್ಟು, "ಬ್ಯಾಟರಿ ಅವರಿಗೇ ಇರಲಿ" ಎಂದರು.

ಆಮೇಲೆ ಅವರು ಬರಲಿಲ್ಲ. ಮೊಣಕಾಲು ನೋವು, ವಿಮಾನ ಹತ್ತುವುದು ಬೇಡವೆಂದರು ಡಾಕ್ಟರು. ಊರಿಗೆ ಹೋದಾಗೆಲ್ಲ ನಾನು ಆ ಒಂದು ಮಾತಿಗೆ ಕಾದೆ. ಬಾಗಿಲ ಮರೆ ಅದೇ, ನೀರುದೋಸೆ ಅದೇ. ಒಮ್ಮೊಮ್ಮೆ ನಾನು ಕೇಳಿದ್ದು ನಿಜವೋ, ಗಾಳಿಯಲ್ಲಿ ಬಲೆಯೇ ಬಲ ಎಂದು ಕೇಳಿತೋ ಎಂದೂ ಅನಿಸಿದ್ದುಂಟು.

ಮೊನ್ನೆ ಟಾರ್ಚು ಒತ್ತಿ ನೋಡಿದೆ. ಬೆಳಕು ಬಂತು, ಸ್ವಲ್ಪ ಹಳದಿಯಾಗಿ. ಅದನ್ನು ಹಿಡಿದುಕೊಂಡೇ ಮನೆಯೊಳಗೆ ಬಂದಾಗ ಮೇಜಿನ ಮೇಲೆ ಶೋಭಾಳ ಫೋನು ಹೊಡೆದುಕೊಳ್ಳುತ್ತಿತ್ತು. ಊರಿನಿಂದ. ಶೋಭಾ ಸ್ನಾನಕ್ಕೆ ಹೋಗಿದ್ದಳು. ಅತ್ತೆಯ ಫೋನು ಬಂದರೆ ಅದನ್ನು ಎತ್ತಿ ಶೋಭಾಗೋ ಸಾನ್ವಿಗೋ ಕೊಡುವುದು ನನ್ನ ಕೆಲಸ. ಯಾರೂ ಇಲ್ಲದಿದ್ದರೆ ಹೊಡೆದುಕೊಂಡು ನಿಲ್ಲಲು ಬಿಡುತ್ತೇನೆ. ಮೊನ್ನೆ ಎತ್ತಿದೆ.

ನನ್ನ ಹಲೋ ಕೇಳಿ ಆ ಕಡೆ ಅತ್ತೆ ಒಮ್ಮೆ ಕೆಮ್ಮಿದರು. ಆಮೇಲೆ, "ಮನೆಯಲ್ಲಿ ಯಾರೂ ಇಲ್ವಾ?" ಎಂದರು, ಯಾರಿಗೂ ಅಲ್ಲದ ಹಾಗೆ.

ಸುತ್ತ ನೋಡಿದೆ. ಹೇಳಲು ಬೆಟ್ಟವೂ ಇರಲಿಲ್ಲ, ಕಾರೂ ಇರಲಿಲ್ಲ. "ಅತ್ತೆ, ನಾನಿದ್ದೇನೆ" ಎಂದೆ. ಅವರನ್ನು ನಾನು ಹಾಗೆ ಕರೆದದ್ದು ಅದೇ ಮೊದಲು ಎನ್ನುವುದು ಕರೆದ ಮೇಲೆ ಗೊತ್ತಾಯಿತು. ಏನು ಮಾತಾಡಬೇಕೋ ತಿಳಿಯದೆ, "ನಿಮ್ಮ ಬ್ಯಾಟರಿ ಸಿಕ್ಕಿತು, ಇನ್ನೂ ಉರಿತದೆ" ಎಂದು ಸೇರಿಸಿದೆ.

ಹಿಂದೆ ಎಲ್ಲೋ ಅವರ ಮಿಕ್ಸಿ ತಿರುಗಿ ನಿಂತ ಸದ್ದು.

"ಚಾರ್ಜಿಗೆ ಹಾಕಿದ್ದೀಯಾ?" ಎಂದರು. ಹಾಕಿದ್ದೀರಾ ಎಂದಲ್ಲ.

"ಹಾಕಿದ್ದೇನೆ ಅತ್ತೆ" ಎಂದೆ. ಆಮೇಲೆ ಫೋನನ್ನು ಕಿವಿ ಹೆಗಲುಗಳ ನಡುವೆ ಸಿಕ್ಕಿಸಿಕೊಂಡು, ಸದ್ದಾಗದ ಹಾಗೆ ಚಾರ್ಜರು ಹುಡುಕತೊಡಗಿದೆ.