ಹಂದಿ ಕೊಯ್ಯದ ದಿನದ ಕೆಂಪು ಲಕೋಟೆ

ಮೊಕ್ ಶಿಂಗನಿಗೆ ಈಗ ಅರವತ್ತಾರು. ಮೊಂಗ್ ಕಾಕ್‌ನಿಂದ ಕ್ವುನ್ ತೊಂಗ್‌ಗೆ ಕೆಂಪು ಮಿನಿಬಸ್ ಓಡಿಸುತ್ತಾನೆ. ಮೂವತ್ತು ವರ್ಷದ ಹಿಂದೆ ಇದೇ ಮನುಷ್ಯ ಹಾಂಗ್‌ಕಾಂಗ್‌ನ ಥಿಯೇಟರುಗಳಲ್ಲಿ ಏಟು ತಿಂದು ಜನರನ್ನು ನಗಿಸುತ್ತಿದ್ದ. ಇಬ್ಬರು ಪೊಲೀಸರ ಜೋಡಿಯ ಒಂದು ಸಿನಿಮಾ ಮೂರು ಭಾಗ ಬಂತು. ಮೂರರಲ್ಲೂ ಹುಡುಗಿ, ಪದಕ ಎರಡೂ ಜೋಡಿಯ ಇನ್ನೊಬ್ಬ ನಟ ಕ್ವೋಕ್ ಹಿನ್‌ಗೆ. ಕಿಟಕಿಯಿಂದ ಬೀಳುವ ಕೆಲಸ ಮಾತ್ರ ಶಿಂಗನಿಗೆ. ಅವನ ಎಡಮೊಣಕಾಲಿನೊಳಗಿನ ಎರಡು ಸ್ಕ್ರೂ ಎರಡನೇ ಭಾಗದ ಸಂಪಾದನೆ. ಆಮೇಲೆ ಹಿನ್ ದೊಡ್ಡ ಹೀರೋ ಆಗಿ ಗುಡ್ಡದ ಮೇಲೆ ಮನೆ ಕೊಂಡ, ಶಿಂಗ್ ಬಸ್ಸಿನ ಲೈಸೆನ್ಸ್ ಮಾಡಿಸಿಕೊಂಡ. ಇದರಲ್ಲಿ ಅನ್ಯಾಯವೇನು ಬಂತು ಎನ್ನುವವರು ಎನ್ನಲಿ, ನನಗಂತೂ ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಸಿನಿಮಾ ಕಂಪನಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು. "ನಾಲ್ಕನೇ ಭಾಗ ತೆಗೀತಿದೀವಿ ಶಿಂಗಣ್ಣ. ನೀವಿಲ್ದೆ ಆಗಲ್ಲ. ಮೊದ್ಲು ಒಂದು ಫೋಟೋ ತೆಗೆಸ್ಕೊಂಡು ಹೋಗಿ."

ಮಿನಿಬಸ್ ಸ್ಟ್ಯಾಂಡಿನಲ್ಲಿ ಸಂಜೆಯೊಳಗೆ ಸುದ್ದಿ ಹಬ್ಬಿತು. ಹಬ್ಬಿಸಿದವನು ಅವನೇ.

"ಈ ವಯಸ್ಸಲ್ಲಿ ಕಿಟಕಿಯಿಂದ ಬಿದ್ರೆ ಎತ್ತೋಕೆ ಕ್ರೇನ್ ತರಿಸ್ಬೇಕಾಗತ್ತೆ ಕಣೋ," ಎಂದ ಜೊತೆಯ ಡ್ರೈವರ್ ದಪ್ಪ ಕ್ಯುಂಗ್.

"ಬೀಳೋದೆಲ್ಲ ಮುಗೀತು. ಈ ಸಲ ಡೈಲಾಗ್ ಇದೆ."

ಡೈಲಾಗ್ ಇದೆ ಎಂದು ಯಾರೂ ಹೇಳಿರಲಿಲ್ಲ. ಆದರೂ ಶಿಂಗ್ ಅಂದಿನಿಂದ ದಿನಾ ಬೆಳಗ್ಗೆ ಲಿಫ್ಟ್ ಬಿಟ್ಟು ಹದಿನಾಲ್ಕು ಮಹಡಿ ಹತ್ತಿಳಿದು ಮೊಣಕಾಲು ಪಳಗಿಸತೊಡಗಿದ. ಇನ್ನೊಂದು ಸಲ ಹಿನ್ ಪಕ್ಕದಲ್ಲಿ ನಿಲ್ಲಬೇಕು, ಸಾಯುವ ಮೊದಲು ಇನ್ನೊಂದೇ ಸಲ. ಅವನಿಗೆ ಬೇಕಿದ್ದದ್ದು ಅಷ್ಟೇ.

ಸ್ಟುಡಿಯೋದಲ್ಲಿ ಅವನ ಕೂದಲಿಗೆ ಕಪ್ಪು ಹಚ್ಚಿ, ಪೊಲೀಸ್ ಅಧಿಕಾರಿಯ ಸಮವಸ್ತ್ರ ತೊಡಿಸಿದರು. "ಸ್ವಲ್ಪ ನಗಿ, ಜಾಸ್ತಿ ಬೇಡ," ಎಂದ ಫೋಟೋದವನು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಹೊರಡುವಾಗ ಆ ಹುಡುಗಿ ಎರಡೂ ಕೈಯಲ್ಲಿ ದುಡ್ಡಿಟ್ಟ ಒಂದು ಕೆಂಪು ಲಕೋಟೆ ಕೊಟ್ಟು, ಮುಖ ನೋಡದೆ, "ಇವತ್ತೇ ಖರ್ಚು ಮಾಡ್ಬಿಡಿ ಅಣ್ಣ," ಎಂದಳು.

ಶಿಂಗ್ ಅದನ್ನು ಮನೆಗೆ ತಂದು ಹೆಂಡತಿ ಯುಕ್ ಲಾನ್ ಮುಂದೆ ಇಟ್ಟ. ಅವಳು ಇಪ್ಪತ್ತು ವರ್ಷ ಸಿನಿಮಾದವರ ತಲೆ ಬಾಚಿದವಳು.

"ಮುಹೂರ್ತದ ಲಕೋಟೆ ಕಣೇ."

"ಹಂದಿ ಕೊಯ್ದ್ರಾ?"

"ಏನು?"

"ಮುಹೂರ್ತಕ್ಕೆ ಇಡೀ ಸುಟ್ಟ ಹಂದಿ ಇಟ್ಟು ಕೊಯ್ತಾರಲ್ಲ. ಊದುಬತ್ತಿ ಹಚ್ಚಿದ್ರಾ? ಹಿನ್ ಬಂದಿದ್ನಾ?"

"ಇಲ್ಲ. ಬರೀ ಫೋಟೋ."

ಲಾನ್ ಲಕೋಟೆಯನ್ನು ಅವನತ್ತಲೇ ಸರಿಸಿದಳು. ಸಿನಿಮಾದಲ್ಲಿ ಹೆಣವಾಗುವವನಿಗೆ, ಶವಪೆಟ್ಟಿಗೆಯ ಮುಂದಿಡುವ ಫೋಟೋಗೆ ಮುಖ ಕೊಟ್ಟವನಿಗೆ, ಅಪಶಕುನ ಕಳೆಯಲೆಂದು ಕೆಂಪು ಲಕೋಟೆ ಕೊಡುವುದು ನಮ್ಮ ಸ್ಟುಡಿಯೋಗಳ ರೂಢಿ. ಆ ದುಡ್ಡು ಮನೆ ಸೇರಬಾರದು, ಅಂದೇ ಕರಗಬೇಕು. ಇದು ಶಿಂಗನಿಗೆ ಗೊತ್ತಿರಲಿಲ್ಲವೇ? ಅವನೇ ನಾಲ್ಕು ಸಲ ಹೆಣವಾಗಿ ಮಲಗಿ ಲಕೋಟೆ ತೆಗೆದುಕೊಂಡಿದ್ದ. ಗೊತ್ತಿದ್ದದ್ದನ್ನು ಆಸೆ ಮರೆಸಿತ್ತು, ಅಷ್ಟೇ.

ಅವನು ನಿಂತಲ್ಲೇ ಹಿನ್‌ಗೆ ಫೋನ್ ಮಾಡಿದ.

"ಕಥೆಗೆ ಬೇಕಿತ್ತು ಕಣೋ," ಎಂದ ಹಿನ್. "ನಿನ್ನ ಕೊಂದವರನ್ನ ಹುಡುಕೋಕೆ ತಾನೇ ನಾನು ವಾಪಸ್ ಬರೋದು? ನೀನಿಲ್ದೆ ಈ ಸಿನಿಮಾನೇ ಇಲ್ಲ."

"ಸಾಯೋ ಮುಂಚೆ ಒಂದು ಮಾತಾದ್ರೂ ಇದೆಯಾ ನಂಗೆ?"

"ಸಿನಿಮಾ ಶುರುವಾಗೋ ಹೊತ್ತಿಗೇ ನೀನು ಸತ್ತಿರ್ತೀಯಲ್ಲ. ಬೇಜಾರು ಮಾಡ್ಕೋಬೇಡ. ಫೋಟೋ ದೊಡ್ಡದಾಗಿ ತೋರಿಸ್ತೀವಿ."

"ನಡಿ," ಎಂದಳು ಲಾನ್. "ಮೊದ್ಲು ಈ ದುಡ್ಡನ್ನ ತಿಂದು ಮುಗಿಸಿ ಬರೋಣ." ಕೆಳಗಿನ ಅಂಗಡಿಯಲ್ಲಿ ಇಬ್ಬರೂ ಸುಟ್ಟ ಬಾತುಕೋಳಿ ತಿಂದರು.

ಸಿನಿಮಾ ಬಂದಾಗ ಲಾನ್ ಬೇಡವೆಂದರೂ ಅವನು ಹಟ ಮಾಡಿ ಕರೆದುಕೊಂಡು ಹೋದ. ಮೊದಲ ದೃಶ್ಯವೇ ಅಂತ್ಯಕ್ರಿಯೆ. ಬಿಳಿ ಹೂವಿನ ನಡುವೆ ಅವನ ಫೋಟೋ, ಗೋಡೆಯಷ್ಟು ದೊಡ್ಡದು. ಹಿನ್ ಅದರ ಮುಂದೆ ಕುಸಿದು ಅತ್ತ. ಮೂವತ್ತು ವರ್ಷದಲ್ಲಿ ಒಂದು ಹೊಸ ವರ್ಷಕ್ಕೂ ಫೋನ್ ಮಾಡದವನು ಎಷ್ಟು ಚೆನ್ನಾಗಿ ಅತ್ತನೆಂದರೆ, ಥಿಯೇಟರಿನಲ್ಲಿ ಮೂಗು ಸೀಟುವ ಸದ್ದು ಕೇಳಿಸಿತು.

ಹಿಂದಿನ ಸೀಟಿನ ಹುಡುಗಿ ಗೆಳೆಯನಿಗೆ ಹೇಳಿದಳು: "ಪಾಪ, ಆ ನಟ ನಿಜವಾಗ್ಲೂ ಸತ್ತೋಗಿದಾನಂತೆ. ಅದಕ್ಕೇ ಬರೀ ಫೋಟೋ ಹಾಕಿದಾರೆ."

ಲಾನ್ ಸರಕ್ಕನೆ ಎದ್ದು ತಿರುಗಿದಳು. "ಯಾರಮ್ಮ ನಿಂಗೆ ಹೇಳಿದ್ದು? ಬದುಕಿದಾನೆ! ಇಗೋ, ಇಲ್ಲೇ ಕೂತಿದಾನೆ!"

ಹುಡುಗಿ ಪರದೆಯ ಬೆಳಕಿನಲ್ಲಿ ಶಿಂಗನ ಬಿಳಿ ತಲೆ ನೋಡಿದಳು, ಫೋಟೋ ನೋಡಿದಳು. "ಸತ್ತವರ ವಿಷಯದಲ್ಲಿ ತಮಾಷೆ ಮಾಡ್ಬಾರ್ದು ಆಂಟಿ," ಎಂದಳು.

ಲಾನ್ ಮತ್ತೆ ಬಾಯಿ ತೆರೆದಳು. ಶಿಂಗ್ ಅವಳ ತೋಳು ಹಿಡಿದು ಕೂರಿಸಿದ.

"ಹೌದಮ್ಮ, ಸತ್ತೋದ," ಎಂದ ಹುಡುಗಿಗೆ. "ನೀನು ಸಿನಿಮಾ ನೋಡು."